ಚಪ್ಪಲಿಗೆ ಚೌಕಟ್ಟು ಸಿಕ್ತು, ಮಾಡಿದವರಿಗೆ?



2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಫ್ಯಾಷನ್ ಶೋ ನಡೀತು. ಮಾಡೆಲ್‌ಗಳ ಕಾಲಲ್ಲಿ ನಮ್ಮ ಕೊಲ್ಹಾಪುರಿ ಚಪ್ಪಲಿಯದೇ ರೂಪ. ಹೆಸರು ಮಾತ್ರ ಬರೀ 'ಲೆದರ್ ಸ್ಯಾಂಡಲ್'. ಗಲಾಟೆ ಆದಮೇಲೆ ಪ್ರೇರಣೆ ಇಲ್ಲಿಂದ ಬಂದದ್ದು ಅಂತ ಒಪ್ಪಿಕೊಂಡ್ರು. ಡಿಸೆಂಬರ್‌ನಲ್ಲಿ ನಮ್ಮ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಜೊತೆ ಒಪ್ಪಂದವೂ ಆಯ್ತು. 2,000 ಜೋಡಿ, ಜೋಡಿಗೆ ಸುಮಾರು 800 ಯುರೋ, ಅಂದ್ರೆ 80 ಸಾವಿರ ರೂಪಾಯಿಗೂ ಮೇಲೆ.

ಈಗ ಎಲ್ಲರ ಬಾಯಲ್ಲೂ 'ಅದ್ಭುತ ಕಲೆ'! ಸ್ವಾಮಿ, ನಿನ್ನೆ ತನಕ ಇದು ಏನಾಗಿತ್ತು?

ಅಥಣಿ, ನಿಪ್ಪಾಣಿ ಕಡೆಯ ಸಮಗಾರ, ಡೋಹರ ಕುಟುಂಬಗಳ ಕೈಕೆಲಸ ಇದು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡಬೇಕು. ಮೊಳೆ ಇಲ್ಲದೆ ತೊಗಲಿನ ದಾರದಲ್ಲೇ ಹೊಲೀಬೇಕು. ಆ ಸಣ್ಣ ಸಣ್ಣ ಜಡೆ ಹೆಣೆಯೋರು ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳು. 2019ರಲ್ಲೇ ಎರಡೂ ರಾಜ್ಯಗಳ ಎಂಟು ಜಿಲ್ಲೆಗಳಿಗೆ ಜಿಐ ಮಾನ್ಯತೆ ಬಂತು. ಆಗ ಎಲ್ಲಿತ್ತು ಈ ಚಪ್ಪಾಳೆ?

ತೊಗಲು ಅದೇ, ಹೊಲಿಗೆ ಅದೇ. ಗೋಣಿತಾಟಿನ ಮೇಲಿಟ್ಟರೆ 'ಕೊನೇ ರೇಟು ಹೇಳಪ್ಪ' ಅಂತ ಚೌಕಾಸಿ. ಗಾಜಿನ ಕಪಾಟಿನಲ್ಲಿ ಲೈಟು ಬಿಟ್ಟು ಇಟ್ಟರೆ ಅದೇ ಬಾಯಿ ಪಿಸುಮಾತಿಗಿಳಿಯುತ್ತೆ. ಕಲೆಯನ್ನ ಕಣ್ಣಲ್ಲಿ ನೋಡ್ತೀವಿ ಅಂದ್ಕೊಂಡಿದ್ದೀರಿ. ಇಲ್ಲ, ಜಾತಿಯ ಕನ್ನಡಕದಲ್ಲಿ ನೋಡ್ತಿದ್ದೀರಿ. ಗಾಜು ಅಡ್ಡ ಬಂದು ಮಾಡಿದವರು ಕಾಣದೇ ಹೋದಾಗ ಮಾತ್ರ ನಿಮಗೆ ಅಂದ ಕಾಣುತ್ತೆ.

'ಕೊನೆಗಾದರೂ ಗೌರವ ಸಿಕ್ತಲ್ಲ' ಅಂತೀರಿ. ಯಾರಿಗೆ? ಚಿತ್ರದ ಮೂಲೆಯಲ್ಲಿ ಚಿತ್ರಕಾರನ ಸಹಿ ಇರುತ್ತೆ. ಚಪ್ಪಲಿ ಮೇಲೆ ಕಂಪನಿ ಹೆಸರು! ಒಳ್ಳೆ ಬೆಲೆ ಬರೋದಕ್ಕೆ ನಮ್ಮ ತಕರಾರಿಲ್ಲ. ಆದರೆ ಪ್ರತಿ ಜೋಡಿಯ ಜೊತೆ ಮಾಡಿದವರ ಹೆಸರು ಹೋಗಲಿ, ಜಡೆ ಹೆಣೆದವಳ ಹೆಸರೂ ಸೇರಿ. ಆ 800 ಯುರೋದಲ್ಲಿ ಅವರ ಕೈಗೆ ಎಷ್ಟು ಅಂತ ಲಿಡ್ಕರ್ ಬಹಿರಂಗವಾಗಿ ಹೇಳಲಿ.

ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲಿ ಮಾಡಿಕೊಟ್ಟ ಚಪ್ಪಲಿಯನ್ನ ಬಸವಣ್ಣ ತಲೆ ಮೇಲೆ ಹೊತ್ತ ಕತೆ ಎಲ್ಲರಿಗೂ ಗೊತ್ತು. ಅದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಲಿಲ್ಲ. ಆ ಚಪ್ಪಲಿ ಮಾಡಿದವನ ಮಗನಿಗೆ ಮಧುವರಸ ಮಗಳನ್ನ ಕೊಟ್ಟಾಗ ಹರೀತು.

ಚಪ್ಪಲಿಯನ್ನ ತಲೆ ಮೇಲಿಟ್ಟುಕೊಳ್ಳೋದು ಸುಲಭ ಕಣ್ರೀ. ಮಾಡಿದವರನ್ನ ಪಕ್ಕದಲ್ಲಿ ಕೂರಿಸಿಕೊಳ್ತೀರಾ, ಅದನ್ನ ಹೇಳಿ.