ಹರಕೆ ತೀರೋ ಮೊದಲೇ ಗಂಟೆ ಕಟ್ಬೇಡಿ

1/10
ಒಂದು ನೇರ ಪ್ರಶ್ನೆ. ಈ ವರ್ಷ ನಿಮ್ಮಲ್ಲಿ ಎಷ್ಟು ಜನ ಯಾವುದಾದ್ರೂ ಕಲಿಕೆ ಆಪ್‌ನ ರೆಫರಲ್ ಕೋಡ್ ಸ್ಟೋರಿಗೆ ಹಾಕಿದ್ದೀರಿ? "ಬೆಸ್ಟ್ ಆಪ್, ನಾನೂ ಇದ್ರಲ್ಲೇ ಓದೋದು, ಲಿಂಕ್ ಬಯೋದಲ್ಲಿದೆ" ಅಂತ?

ನಾಚ್ಕೋಬೇಡಿ. ಮೊದಲ ಕೈ ನಂದೇ.

ಬಿ.ಕಾಂ ಮೊದಲ ವರ್ಷ ನಾನೂ ಒಂದು ಲಿಂಕ್ ಹಂಚಿದ್ದೆ. ಯಾರಾದ್ರೂ ಸೇರಿದ್ರೆ ನಂಗೆ 100 ರೂಪಾಯಿ. ಆ ಆಪಲ್ಲಿ ನಾನು ನೋಡಿದ್ದು ಒಂದೂವರೆ ವಿಡಿಯೋ. ನಮ್ಮೂರಿನ ಒಬ್ರು ಮಾವ ನನ್ನ ಸ್ಟೇಟಸ್ ನೋಡಿ, ಪಿಯುಸಿ ಓದ್ತಿದ್ದ ಮಗಳನ್ನ ಸೇರಿಸಿದ್ರು. "ನಮ್ಮ ತಂಗಿನೇ ಹಾಕಿದ್ದು ಅಂದ್ರೆ ಅಡ್ಡಿಲ್ಲೆ" ಅಂದಿದ್ರಂತೆ.

ಸೇರಿದ ಮೇಲೆ ಗೊತ್ತಾಯ್ತು, ಪಾಠ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಅವರ ಮನೇಲಿ ಸಿಗ್ನಲ್ ಬೇಕಂದ್ರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ವಿಡಿಯೋ ಇಳಿಸಿಟ್ಕೊಳ್ಳೋಕೆ ಆಗಲ್ಲ. ಹುಡುಗಿ ನೋಡಿದ್ದು ನಾಲ್ಕೇ ಪಾಠ. ಕಂತು ಮಾತ್ರ ಖಾತೆಯಿಂದ ತಾನಾಗೇ ಹೋಗ್ತಾ ಇತ್ತು: ತಿಂಗಳಿಗೆ 2,250, ಹನ್ನೆರಡು ತಿಂಗಳು. ನಿಲ್ಲಿಸಿ ಅಂತ ಇಂಗ್ಲಿಷಲ್ಲಿ ಮೇಲ್ ಬರೆದುಕೊಟ್ಟಿದ್ದೂ ನಾನೇ. ಉತ್ತರ ಬರಲಿಲ್ಲ.

ಅವರ ಖರ್ಚು 27,000. ನನ್ನ ಆದಾಯ 100. ಇವತ್ತಿಗೂ ಅವರು ನಂಗೆ ಒಂದು ಮಾತೂ ಅಂದಿಲ್ಲ. ಬೈದಿದ್ರೆ ಚೊಲೋ ಆಗ್ತಿತ್ತು.

2/10
ನಮ್ಮೂರ ಸಿದ್ಧಿವಿನಾಯಕನನ್ನ ಎಲ್ಲರೂ ಘಂಟೆ ಗಣಪತಿ ಅಂತಾರೆ. ಎಲ್ಲಿ ನೋಡಿದ್ರೂ ಗಂಟೆ. ಹೊರಗಿನಿಂದ ಬಂದೋರು ಫೋಟೋ ತೆಗೆದು ಹೋಗ್ತಾರೆ, ಅದರ ಕ್ರಮ ಗಮನಿಸೋದಿಲ್ಲ. ಗಂಟೆ ಯಾವಾಗ ಕಟ್ಟೋದು? ಅಂದ್ಕೊಂಡದ್ದು ಆದ ಮೇಲೆ. ಮೊದಲು ಹರಕೆ, ಆಮೇಲೆ ಕಾಯೋದು, ಆದ್ರೆ ಗಂಟೆ.

ನಾವೋ? ಆಪ್ ಇಳಿಸಿದ ದಿನವೇ ಗಂಟೆ ಕಟ್ತೀವಿ. ಕಲಿತದ್ದು ಏನೂ ಇಲ್ಲ, ಪರೀಕ್ಷೆ ಬರೆದಿಲ್ಲ, ಫಲ ಬಂದಿಲ್ಲ. ಫೈವ್ ಸ್ಟಾರ್!

ಅದಕ್ಕೇ ಈ ಸರಣಿ. ನಾನು ಹೇಳೋದು ಇಷ್ಟೇ: ಕಲಿಕೆ ಆಪ್, ಆನ್‌ಲೈನ್ ಕೋರ್ಸ್, ಸ್ಮಾರ್ಟ್ ಕ್ಲಾಸು, ಎಡ್‌ಟೆಕ್ ಅಂತ ಏನೇನು ಕರೀತಾರೋ ಅದರ ಬಗ್ಗೆ ನೀವು ಬರೆಯೋಕೆ ಶುರು ಮಾಡ್ಬೇಕು. ಕನ್ನಡದಲ್ಲಿ. ನೀವು ಕೂತಿರೋ ಜಾಗದಿಂದ. ಮಾರೋಕಲ್ಲ, ಸಾಕ್ಷಿ ಹೇಳೋಕೆ.

3/10
ಈಗ ಇದರ ಬಗ್ಗೆ ಬರೀತಿರೋರು ಯಾರು? ಒಂದು, ಕಂಪನಿ. ಎರಡು, ಕಂಪನಿಯಿಂದ ದುಡ್ಡು ತಗೊಂಡೋರು. ಮೂರು, ದೊಡ್ಡ ಊರಲ್ಲಿ ವೈಫೈ ಕೆಳಗೆ ಕೂತು ಇಂಗ್ಲಿಷಲ್ಲಿ ಬರೆಯೋರು. ನಮ್ಮನೆ ಜಗುಲಿ ತನಕ ಕನ್ನಡದಲ್ಲಿ ಬರೋದು ಹೆಚ್ಚಾಗಿ ಜಾಹೀರಾತು ಮಾತ್ರ.

ನಮ್ಮಪ್ಪನ ಕೈಗೆ ಒಂದು ಹಿಡಿ ಅಡಿಕೆ ಕೊಡಿ. ಚಾಲಿ ಯಾವುದು, ಕೆಂಪುಗೋಟು ಯಾವುದು, ಬಿಳಿಗೋಟು ಯಾವುದು, ಕೋಕಾ ಯಾವುದು, ಕಣ್ಣು ಮಿಟುಕಿಸೋದ್ರೊಳಗೆ ಬೇರೆ ಮಾಡ್ತಾರೆ. ವ್ಯಾಪಾರಿನೂ ಅಷ್ಟೇ, ರಾಶಿಗೆ ಕೈ ಹಾಕಿ ನೋಡದೆ ದರ ಹೇಳಲ್ಲ. ಅದೇ ಅಪ್ಪ, ಫೋನಲ್ಲಿ ಬಂದ "ನಿಮ್ಮ ಮಗುವಿನ ಭವಿಷ್ಯ" ಅನ್ನೋ ಮಾತಿಗೆ ಓಟಿಪಿ ಹೇಳ್ಬಿಡ್ತಾರೆ. ದಡ್ಡರು ಅಂತಲ್ಲ. ಅಡಿಕೆ ಬಗ್ಗೆ ತಲೆಮಾರಿನಿಂದ ಮಾತಾಡಿ ಮಾತಾಡಿ ನಮ್ಮ ಹತ್ರ ಶಬ್ದ ಇದೆ, ಅಳತೆ ಇದೆ. ಆಪ್ ಬಗ್ಗೆ ಇನ್ನೂ ಇಲ್ಲ. ಆ ಶಬ್ದ, ಆ ಅಳತೆ ಕೊಡ್ಬೇಕಾದೋರು ಬಳಸಿ ನೋಡಿದ ನಾವು.

4/10
"ದೊಡ್ಡ ಕಂಪನಿ ಅಲ್ವಾ, ಮೋಸ ಇರಲ್ಲ" ಅನ್ನೋರಿಗೆ ಕಾಮರ್ಸ್ ಭಾಷೇಲೇ ಹೇಳ್ತೀನಿ.

ಬೈಜೂಸ್. ಬೆಂಗಳೂರಿನ ಕಂಪನಿ. 2019ರಿಂದ 2023ರ ತನಕ ಭಾರತ ಕ್ರಿಕೆಟ್ ತಂಡದ ಜೆರ್ಸಿ ಮೇಲೆ ಹೆಸರು ಇತ್ತು. 2022ರಲ್ಲಿ ಅದರ ಮೌಲ್ಯ 2,200 ಕೋಟಿ ಡಾಲರ್ ಅಂತ ಹೇಳಿದ್ರು. ಆದ್ರೆ 2021ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕಪತ್ರ ಹೊರಗೆ ಬಂದದ್ದೇ 2022ರ ಸೆಪ್ಟೆಂಬರಲ್ಲಿ. ನಷ್ಟ 4,588 ಕೋಟಿ ರೂಪಾಯಿ. 2023ರ ಜೂನಲ್ಲಿ ಹಣಕಾಸು ವರದಿ ಸಿಗೋದೇ ತಡ ಆಗ್ತಿದೆ ಅಂತ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು. 2024ರ ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ ಸುಮಾರು 158 ಕೋಟಿ ಬಾಕಿಯ ಕೇಸಲ್ಲಿ ಬೆಂಗಳೂರಿನ ಎನ್‌ಸಿಎಲ್‌ಟಿ ದಿವಾಳಿ ಪ್ರಕ್ರಿಯೆಗೆ ಒಪ್ಪಿಗೆ ಕೊಟ್ಟಿತು.

ಲೆಕ್ಕ ಬರೋ ಮೊದಲೇ ಬೆಲೆ ಕಟ್ಟಿದ್ರು. ಅದೂ ಮುಂಚೆ ಕಟ್ಟಿದ ಗಂಟೆಯೇ.

ಇನ್ನೊಂದು. 2021ರ ಡಿಸೆಂಬರಲ್ಲೇ ಕೇಂದ್ರ ಶಿಕ್ಷಣ ಸಚಿವಾಲಯ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು: ಎಡ್‌ಟೆಕ್ ಕಂಪನಿಗಳಿಗೆ ಖಾತೆಯಿಂದ ತಾನಾಗೇ ಹಣ ಕಡಿತ ಆಗೋ ವ್ಯವಸ್ಥೆಗೆ ಒಪ್ಕೋಬೇಡಿ ಅಂತ. ನಾನು ಲಿಂಕ್ ಹಾಕಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ನಾನೂ ಓದಿರಲಿಲ್ಲ, ಮಾವನೂ ಓದಿರಲಿಲ್ಲ. ಊರಲ್ಲಿ ಯಾರಾದ್ರೂ ಒಬ್ಬರು ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ರೆ 27,000 ಉಳೀತಿತ್ತು.

5/10
ಬರೆದ್ರೆ ಏನಾಗುತ್ತೆ? ಆಗುತ್ತೆ. 2020ರಲ್ಲಿ ವೈಟ್‌ಹ್ಯಾಟ್ ಜೂನಿಯರ್ ಜಾಹೀರಾತು ನೆನಪಿದ್ಯಾ? ಕೋಡಿಂಗ್ ಕಲಿತ ಪುಟ್ಟ ಹುಡುಗನಿಗೆ ಕೋಟಿ ಕೋಟಿ ಸಂಬಳ. ಆ ಹುಡುಗ ನಿಜಕ್ಕೂ ಇರಲೇ ಇಲ್ಲ, ಕಟ್ಟಿದ ಪಾತ್ರ. ಅದೇ ವರ್ಷ ಆಗಸ್ಟಲ್ಲಿ ಆ ಕಂಪನಿಯನ್ನ 30 ಕೋಟಿ ಡಾಲರ್‌ಗೆ ಬೈಜೂಸ್ ಕೊಂಡುಕೊಳ್ತು. ಪ್ರದೀಪ್ ಪೂನಿಯಾ ಅನ್ನೋ ಇಂಜಿನಿಯರ್ ಅದರ ಬಗ್ಗೆ ಬರೆಯೋಕೆ, ವಿಡಿಯೋ ಹಾಕೋಕೆ ಶುರು ಮಾಡಿದ್ರು. ನವೆಂಬರಲ್ಲಿ ದೆಹಲಿ ಹೈಕೋರ್ಟಲ್ಲಿ ಅವರ ಮೇಲೆ 20 ಕೋಟಿಯ ಮಾನನಷ್ಟ ದಾವೆ. ಮಧ್ಯಂತರ ಆದೇಶದಲ್ಲಿ ಅವರ ಮೇಲೆ ಕೆಲವು ನಿರ್ಬಂಧವೂ ಬಂತು. ಆದ್ರೆ 2021ರಲ್ಲಿ ಕಂಪನಿಯೇ ಕೇಸ್ ವಾಪಸ್ ತಗೊಳ್ತು. ಅಷ್ಟರಲ್ಲಿ ಜಾಹೀರಾತು ಮಂಡಳಿಯ ಮಾತಿಗೆ ಐದು ಜಾಹೀರಾತನ್ನೂ ಹಿಂದೆ ತಗೊಂಡಾಗಿತ್ತು.

ಹೆದರಿಸೋಕೆ ಹೇಳ್ತಿಲ್ಲ. ಎರಡು ಪಾಠ ಇದೆ. ಒಬ್ಬ ಬರೆದ್ರೂ ತಟ್ಟುತ್ತೆ. ಹಾಗೇ, ಕಂಡದ್ದನ್ನ ಮಾತ್ರ ಬರೀಬೇಕು. "ಕಳ್ಳರು" ಅಂತ ಬರೆಯೋದು ಬೈಗುಳ. "ಇಂಥ ದಿನ ರೀಫಂಡ್ ಕೇಳಿದೆ, ಇಷ್ಟು ದಿನ ಆಯ್ತು, ಬಂದಿಲ್ಲ, ಸ್ಕ್ರೀನ್‌ಶಾಟ್ ಇಲ್ಲಿದೆ" ಅನ್ನೋದು ಸಾಕ್ಷಿ.

6/10
"ನಾವ್ಯಾರು ಬರೆಯೋಕೆ?" ಅಂತೀರಲ್ಲ, ನಾವು ಯಾರು ಅಂತ ಹೇಳ್ತೀನಿ.

ನಮ್ಮ ಬ್ಯಾಚ್ ಎಸ್ಸೆಸ್ಸೆಲ್ಸಿ ಬರೆದದ್ದು 2021ರ ಜುಲೈ 19 ಮತ್ತು 22. ಎರಡೇ ದಿನ, ಒಎಂಆರ್ ಹಾಳೆ. ಅದಕ್ಕೂ ಮೊದಲಿನ ಇಡೀ ವರ್ಷ ಚಂದನ ವಾಹಿನಿ ಪಾಠ, ವಾಟ್ಸಾಪ್ ಪಾಠ, ಮಳೆಗಾಲದಲ್ಲಿ ಕರೆಂಟಿಲ್ಲದ ಪಾಠ. 2020ರಲ್ಲಿ ಶಿರಸಿ ಕಡೆ ಒಬ್ಬ ವಿದ್ಯಾರ್ಥಿ ಮರ ಹತ್ತಿ ಕೂತು ಕ್ಲಾಸ್ ಕೇಳಿದ್ದು ದೇಶಕ್ಕೇ ಸುದ್ದಿ ಆಯ್ತು. ಎಲ್ಲರೂ "ಎಂಥ ಛಲ" ಅಂದ್ರು. ಮರ ಹತ್ತದಿದ್ರೆ ಓಡದ ಪಾಠ ಎಂಥ ಪಾಠ ಅಂತ ಕೇಳಿದೋರು ಎಷ್ಟು ಜನ?

ಅದೇ ವರ್ಷ ವಿದ್ಯಾಗಮ ಬಂತು. ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋದ್ರು, ಜಗುಲಿ, ದೇವಸ್ಥಾನ, ಮರದ ಕೆಳಗೆ. ಅಕ್ಟೋಬರಲ್ಲಿ ನಿಲ್ಲಿಸಿದ್ರು, ಕಾರಣ ಕೊರೊನಾ. ಯಾವುದರಲ್ಲಿ ಎಷ್ಟು ಕಲಿತ್ವಿ ಅಂತ ನಮ್ಮ ಮೈಗೆ ಗೊತ್ತು. ಪರದೆ ಮೇಲೆ ಪಾಠ ನಡೆಸೋ ಪ್ರಯೋಗ ಆದದ್ದು ನಮ್ಮ ಮೇಲೆ. ಪ್ರಯೋಗದ ವರದಿ ಮಾತ್ರ ಬೇರೆಯವರು ಬರೀಬೇಕಾ?

7/10
ಪುಕ್ಕಟೆ ಆದ್ರೆ, ಸರ್ಕಾರದ್ದಾದ್ರೆ ಪ್ರಶ್ನೆ ಬೇಡ ಅನ್ಕೋಬೇಡಿ. 2017ರಲ್ಲಿ ಶುರುವಾದ ದೀಕ್ಷಾ ಒಳ್ಳೇ ಯೋಚನೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪಾಠ ಬರುತ್ತೆ. ಆದ್ರೆ 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ 49 ದೇಶಗಳಲ್ಲಿ ಕೊರೊನಾ ಕಾಲದಲ್ಲಿ ಮಕ್ಕಳಿಗೆ ಕೊಟ್ಟ ಆಪ್‌ಗಳನ್ನ ತೆರೆದು ನೋಡ್ತು. ಶೇ 89ರಷ್ಟು ಮಕ್ಕಳ ಮಾಹಿತಿ ವಿಷಯದಲ್ಲಿ ಅವರ ಹಕ್ಕಿಗೆ ಧಕ್ಕೆ ತರೋ ಥರ ನಡ್ಕೊಂಡಿದ್ವು ಅಂತ ವರದಿ. ಅದರಲ್ಲಿ ದೀಕ್ಷಾ ಹೆಸರೂ ಇದೆ.

ಹಾಗಂತ ಎಲ್ಲಾ ಆಪ್ ಡಿಲೀಟ್ ಮಾಡಿ ಅಂತಲ್ಲ. ಟ್ಯಾಲಿ ನಾನು ಅರ್ಧಕ್ಕರ್ಧ ಕಲಿತದ್ದು ಯೂಟ್ಯೂಬಲ್ಲಿ, ಕನ್ನಡದಲ್ಲೇ ಪುಕ್ಕಟೆ ಹೇಳಿಕೊಡೋ ವಿಡಿಯೋ ನೋಡಿ. ಅದನ್ನೂ ಬರೀರಿ. ಚೊಲೋ ಇದ್ದದ್ದನ್ನ ಚೊಲೋ ಅನ್ನೋದೂ ಸಾಕ್ಷಿಯೇ. ಹೊಗಳಿಕೆಗೆ ಬೆಲೆ ಬರೋದು, ತೆಗಳೋ ಧೈರ್ಯ ಇದ್ದೋರು ಹೊಗಳಿದಾಗ.

8/10
ನಿಮ್ಮ ತಕರಾರು ನಂಗೆ ಗೊತ್ತು.

"ಟೆಕ್ನಾಲಜಿ ಕನ್ನಡದಲ್ಲಿ ಬರೆಯೋಕೆ ಆಗಲ್ಲ." ವಿಜ್ಞಾನವನ್ನ ವರ್ಷಗಟ್ಟಲೆ ಪ್ರಜಾವಾಣಿಯಲ್ಲಿ ಬರೆದ ನಾಗೇಶ ಹೆಗಡೆಯವರು ಯಾವ ಊರಿನವರು? ಶಿರಸಿ ತಾಲ್ಲೂಕಿನ ಬಕ್ಕೆಮನೆ. ಯು.ಬಿ. ಪವನಜ ಅವರು ಅದೇ ಪತ್ರಿಕೆಯ 'ಗ್ಯಾಜೆಟ್ ಲೋಕ'ದಲ್ಲಿ ಫೋನು, ಇಯರ್‌ಫೋನು ಬಳಸಿ ನೋಡಿ ಕನ್ನಡದಲ್ಲೇ ತೂಕ ಹಾಕಿದ್ರು. ಟಿ.ಜಿ. ಶ್ರೀನಿಧಿ ಅವರ ಇಜ್ಞಾನ ಇದೆ. ದಾರಿ ಕಡಿದಿಟ್ಟಿದ್ದಾರೆ, ನಡೆಯೋಕೆ ನಮಗೆ ಸೋಮಾರಿತನ.

"ರೀಚ್ ಬರಲ್ಲ." ನಂಗೆ ಬೇಕಿದ್ದ ರೀಚ್ ಒಬ್ಬರೇ, ಆ ಮಾವ.

"ರೆಫರಲ್ ದುಡ್ಡು ಬೇಕಲ್ಲ, ಫೀಸ್ ಕಟ್ಬೇಕು." ತಗೊಳ್ಳಿ. ಆದ್ರೆ ತಗೊಂಡೆ ಅಂತ ಮೊದಲ ಸಾಲಲ್ಲೇ ಹೇಳಿ. ಅದು ಬರೀ ನನ್ನ ಉಪದೇಶ ಅಲ್ಲ, ದುಡ್ಡು ತಗೊಂಡು ಹಾಕೋ ಪೋಸ್ಟಿಗೆ ಜಾಹೀರಾತು ಅಂತ ಸ್ಪಷ್ಟವಾಗಿ ಗುರುತು ಹಾಕ್ಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ 2023ರ ಜನವರಿಯಲ್ಲಿ ಹೇಳಿದೆ.

"ಚಾಟ್‌ಜಿಪಿಟಿಗೆ ಹೇಳಿದ್ರೆ ಹತ್ತು ಬೆಸ್ಟ್ ಆಪ್ ಅಂತ ಬರೆದು ಕೊಡುತ್ತೆ." ಕೊಡುತ್ತೆ. ನಿಮ್ಮನೆ ಹಿಂದಿನ ಗುಡ್ಡ ಅದು ಹತ್ತಿಲ್ಲ.

9/10
ಶುರು ಹೇಗೆ? ಇದನ್ನ ಸೇವ್ ಮಾಡ್ಕೊಳ್ಳಿ.

• ಹತ್ತು ಆಪ್ ಬೇಡ. ಒಂದೇ ಆಪ್, 21 ದಿನ. ನೋಟ್‌ಬುಕ್ಕಲ್ಲಿ ದಿನಾ ನಾಲ್ಕು ಕಾಲಂ: ತಾರೀಕು, ಎಷ್ಟು ನಿಮಿಷ, ಎಷ್ಟು ಡೇಟಾ, ಏನು ಕಲಿತೆ. ನಾಲ್ಕನೇ ಕಾಲಂ ಖಾಲಿ ಇದ್ರೆ ಖಾಲಿ ಅಂತಲೇ ಬರೀರಿ.

• ಐದು ಪ್ರಶ್ನೆ ಬಿಡ್ಬೇಡಿ. ನೆಟ್‌ವರ್ಕ್ ಹೋದಾಗ ಓಡುತ್ತಾ? ಕನ್ನಡ ಎಷ್ಟಿದೆ, ಮೆನುವಲ್ಲಿ ಮಾತ್ರವಾ, ಪಾಠದಲ್ಲೂ ಇದ್ಯಾ? ನಮ್ಮ ಸಿಲಬಸ್‌ಗೆ ಹೊಂದುತ್ತಾ? ಕಾಂಟ್ಯಾಕ್ಟ್, ಲೊಕೇಶನ್, ಮೈಕ್ ಯಾಕೆ ಕೇಳುತ್ತೆ? ನಿಲ್ಲಿಸ್ಬೇಕು ಅಂದ್ರೆ ಹೇಗೆ, ದುಡ್ಡು ವಾಪಸ್ ಬರುತ್ತಾ?

• ಐದನೇದನ್ನ ಓದಿ ಬಿಡೋದಲ್ಲ, ಮಾಡಿ ನೋಡಿ. ಸೇರಿಸ್ಕೊಳ್ಳೋ ಬಾಗಿಲು ಎಲ್ಲಾ ಆಪಲ್ಲೂ ದೊಡ್ಡದೇ. ಹೊರಗೆ ಹೋಗೋ ಬಾಗಿಲು ಎಲ್ಲಿದೆ ಅಂತ ಹುಡುಕಿ ಬರೀರಿ.

• ಅಮ್ಮ, ಆಯಿ, ಅಪ್ಪ ಯಾರಿಗಾದ್ರೂ ಗಟ್ಟಿಯಾಗಿ ಓದಿ ಹೇಳಿ. ಅವರಿಗೆ ತಿಳಿಯದ ವಾಕ್ಯ ಹೊಡೆದು ಹಾಕಿ. ಕೊನೆಗೆ ದುಡ್ಡು ಕೊಡೋದು ಅವರು.

• ಚಿಕ್ಕ ಮಕ್ಕಳ ಹೆಸರು, ಫೋಟೋ ಹಾಕ್ಬೇಡಿ. ತಪ್ಪು ಬರೆದಿದ್ರೆ ಅಳಿಸಿ ಸುಮ್ಮನಾಗ್ಬೇಡಿ, ತಪ್ಪಾಗಿತ್ತು ಅಂತ ಕೆಳಗೆ ಬರೀರಿ.

• ಇಲ್ಲಿ ಹಾಕಿದ್ದು ಎರಡು ದಿನಕ್ಕೆ ಕೆಳಗೆ ಹೋಗುತ್ತೆ. ಬ್ಲಾಗರಲ್ಲೋ ವರ್ಡ್‌ಪ್ರೆಸ್ಸಲ್ಲೋ ಪುಕ್ಕಟೆ ಒಂದು ಪುಟ ಮಾಡಿ ಅಲ್ಲೂ ಇಡಿ. ಮುಂದಿನ ವರ್ಷ ಯಾರೋ ಆ ಆಪ್ ಹೆಸರು ಕನ್ನಡದಲ್ಲಿ ಹುಡುಕಿದಾಗ ಜಾಹೀರಾತಿನ ಪಕ್ಕ ನಿಮ್ಮ ಮಾತೂ ಸಿಗಲಿ.

10/10
ನನ್ನ ಮೊದಲ ಬರಹ ಯಾವುದು ಅಂತ ಊಹಿಸಿರ್ತೀರಿ. 27,000 ಮತ್ತು 100ರ ಲೆಕ್ಕ. ಮಾವನ ಹತ್ರ ಹೋಗಿ ಕೇಳಿದೆ, "ಬರೀಲಾ, ನಿಮ್ಮ ಹೆಸರು ಹಾಕಲ್ಲ" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಬರಿ ತಂಗಿ, ಮತ್ಯಾರಿಗೂ ಹಿಂಗಾಗದು ಬೇಡ" ಅಂದ್ರು.

ಆ ಹುಡುಗಿ ಈಗ ಅದೇ ಗುಡ್ಡದ ಮೇಲೆ ಕೂತು ಬೇರೆ ಒಂದು ಪುಕ್ಕಟೆ ಕೋರ್ಸ್ ನೋಡ್ತಿದ್ದಾಳೆ. ನೋಟ್‌ಬುಕ್ಕಲ್ಲಿ ನಾಲ್ಕು ಕಾಲಂ ಹಾಕಿ ಕೊಟ್ಟಿದ್ದೀನಿ. 21 ದಿನ ಆದ ಮೇಲೆ ಬರೆಯೋದು ಅವಳು, ನಾನಲ್ಲ.

ನಿಮ್ಮ ಸ್ಟೋರೀಲಿ ಈಗ ರೆಫರಲ್ ಲಿಂಕ್ ಇದ್ರೆ ಇವತ್ತು ರಾತ್ರಿ ತೆಗೀರಿ. ಇಲ್ಲಾ, ದುಡ್ಡು ಬರುತ್ತೆ ಅಂತ ಅದರ ಮೇಲೆ ಬರೀರಿ. ಭಾನುವಾರದಿಂದ ಒಂದು ಆಪ್ ಹಿಡೀರಿ. ಯಾವ ಆಪ್ ಅಂತ ಕೆಳಗೆ ಹೇಳಿ, ಒಂದೇ ಆಪ್‌ಗೆ ಮೂರು ಜನ ಆದ್ರೆ ಇನ್ನೂ ಒಳ್ಳೇದು, ಮೂರು ಊರಿನ ಲೆಕ್ಕ ಸಿಗುತ್ತೆ.

ಈ ಸರಣಿಗೆ ಯಾರೂ ದುಡ್ಡು ಕೊಟ್ಟಿಲ್ಲ. ಹಳೇ 100 ರೂಪಾಯಿ ಮಾತ್ರ ಇನ್ನೂ ಬಾಕಿ ಇದೆ.

#ಚಂದಗುಳಿ #ಯಲ್ಲಾಪುರ #ಶಿರಸಿ #ಸಿದ್ದಾಪುರ #ಬಿಕಾಂ #ಕಲಿಕೆಆಪ್ #ಕನ್ನಡದಲ್ಲಿಬರೀರಿ