ಮೈದಾನ ಸುತ್ತಿದರೆ ಸಾಲದು, ಚೆಂಡೂ ಕಾಲಲ್ಲಿರಬೇಕು

ಸಾಲಹಳ್ಳಿ (ರಾಮದುರ್ಗ ತಾ.): 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2 ಗೋಲುಗಳಿಂದ ಮಣಿಸಿದ ಕರ್ನಾಟಕ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಎತ್ತಿ ಹಿಡಿಯಿತು. ಹಿಂದಿನ ಗೆಲುವು ದಕ್ಕಿದಾಗ ರಾಜ್ಯದ ಹೆಸರಿನ್ನೂ ಮೈಸೂರು. ಸಂಭ್ರಮ ಸಹಜವೇ. ಆದರೆ ಆ ಗೆಲುವಿನ ಬೇರುಗಳಿದ್ದುದು ಬಹುಮಟ್ಟಿಗೆ ಬೆಂಗಳೂರಿನ ಕ್ಲಬ್‌ಗಳಲ್ಲಿ. ದಂಡು ಪ್ರದೇಶವಿರುವ ಬೆಳಗಾವಿ ನಗರಕ್ಕೂ ಫುಟ್‌ಬಾಲ್ ಹಳೆಯ ನಂಟು. ಅದೇ ಜಿಲ್ಲೆಯ ಸಾಲಹಳ್ಳಿ ಸೀಮೆಗೆ ಬಂದರೆ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳದೇ ಮೇಲುಗೈ.

ಇಂತಹ ಊರುಗಳಲ್ಲಿ ಫುಟ್‌ಬಾಲ್ ಬೇರೂರಲು ಏನು ಬೇಕೆಂದರೆ ಥಟ್ಟನೆ ಬರುವ ಉತ್ತರ ಕ್ರೀಡಾಂಗಣ, ಅನುದಾನ. ಅದಕ್ಕೂ ಮುನ್ನ ಬದಲಾಗಬೇಕಾದುದು ಅಭ್ಯಾಸದ ಕ್ರಮ. ಕ್ಷಮತೆಯ ಹೆಸರಿನಲ್ಲಿ ಮಕ್ಕಳಿಂದ ಮೈದಾನ ಸುತ್ತು ಹಾಕಿಸುವುದು ನಮ್ಮ ಶಾಲೆಗಳ ಹಳೆಯ ರೂಢಿ. ದಣಿದ ಮೇಲೆ ಉಳಿದ ಹತ್ತು ನಿಮಿಷ ಚೆಂಡು. ಓಡಲು ಬಲ್ಲ, ಚೆಂಡು ತಡೆದು ನಿಲ್ಲಿಸಲು ಬಾರದ ಆಟಗಾರ ತಯಾರಾಗುವುದು ಹೀಗೆ.

ಎರಡನ್ನೂ ಒಂದೇ ಏಟಿಗೆ ಸಾಧಿಸುವ ಡ್ರಿಲ್ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಸುಮಾರು 25 ಮೀಟರ್ ಚೌಕಕ್ಕೆ ಸುಣ್ಣದ ಗೆರೆ ಎಳೆದು ನಾಲ್ವರ ಎರಡು ತಂಡ ಇಳಿಸಬೇಕು. ಗೋಲು ಇಲ್ಲ, ಚೆಂಡನ್ನು ತಮ್ಮಲ್ಲೇ ಉಳಿಸಿಕೊಳ್ಳುವುದೇ ಗುರಿ. ಕಳೆದುಕೊಂಡವರು ಆ ಕ್ಷಣವೇ ಮುಗಿಬಿದ್ದು ಕಿತ್ತುಕೊಳ್ಳಬೇಕು. ಹೀಗಾಗಿ ನಿಂತು ಉಸಿರಾಡಲು ಎಡೆಯಿಲ್ಲ. ನಾಲ್ಕು ನಿಮಿಷ ಆಟ, ಮೂರು ನಿಮಿಷ ನಿಧಾನ ನಡಿಗೆ. ಹೀಗೆ ನಾಲ್ಕು ಸುತ್ತು. ಚೆಂಡು ಹೊರಹೋದರೆ ತೀವ್ರತೆಯೂ ಕರಗುತ್ತದೆ. ಅದಕ್ಕಾಗಿ ದೊಡ್ಡ ಕ್ಲಬ್‌ಗಳು ಬದಿಯಲ್ಲಿ ಹತ್ತಾರು ಚೆಂಡು ಇಟ್ಟಿರುತ್ತವೆ. ಒಂದೇ ಚೆಂಡಿರುವ ಶಾಲೆಯಲ್ಲಿ ಉಳಿದ ಮಕ್ಕಳನ್ನು ಗೆರೆಯುದ್ದಕ್ಕೂ ನಿಲ್ಲಿಸಿ, ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಒಳಗೆ ಮರಳಿಸುವಂತೆ ಮಾಡಿದರಾಯಿತು. ಅವರಿಗೂ ಅದು ಪಾಠವೇ.

ಇದು ಬರಿಯ ಊಹೆಯಲ್ಲ. ನಾರ್ವೆಯ ಕಿರಿಯ ಆಟಗಾರರ ಮೇಲಿನ 2001ರ ಅಧ್ಯಯನದಲ್ಲಿ, ಗರಿಷ್ಠ ಹೃದಯ ಬಡಿತದ ಶೇ 90–95ರ ಮಟ್ಟದಲ್ಲಿ ವಾರಕ್ಕೆರಡು ಬಾರಿ ಇದೇ ನಾಲ್ಕು ನಿಮಿಷಗಳ ಕ್ರಮ ಪಾಲಿಸಿದವರು ಎಂಟು ವಾರಗಳ ಬಳಿಕ ಪಂದ್ಯದಲ್ಲಿ ಕ್ರಮಿಸಿದ ದೂರ ಶೇ 20ರಷ್ಟು ಹೆಚ್ಚಿತು. ಅಲ್ಲಿದ್ದುದು ಓಟ. ಸಣ್ಣ ಗುಂಪಿನ ಆಟದಲ್ಲೂ ಬಡಿತ ಶೇ 91ಕ್ಕೆ ಏರುತ್ತದೆಂದು ಮರುವರ್ಷ ಅಲ್ಲಿನ ಸಂಶೋಧಕರೇ ತೋರಿಸಿದರು. ಓಟದಷ್ಟೇ ಲಾಭ ಆಟದಲ್ಲೂ ಉಂಟೆಂಬುದನ್ನು 2006ರಲ್ಲಿ ಇಟಲಿಯ ಅಧ್ಯಯನ ಖಚಿತಪಡಿಸಿತು.

ರಾಜ್ಯದಲ್ಲೇ ಉದಾಹರಣೆ ಬೇಕೆಂದರೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಇದೆ. ಆಶ್ಲೆ ವೆಸ್ಟ್‌ವುಡ್ ಗರಡಿಯಲ್ಲಿ ದೈಹಿಕ ಕ್ಷಮತೆಗೆ ಹೆಸರಾಗಿ ಎರಡು ಬಾರಿ ಐ–ಲೀಗ್ ಗೆದ್ದ ತಂಡಕ್ಕೆ 2016ರಲ್ಲಿ ಬಾರ್ಸಿಲೋನಾದ ಮಾಜಿ ಸಹಾಯಕ ತರಬೇತುದಾರ ಆಲ್ಬರ್ಟ್ ರೋಕಾ ಬಂದರು. ಚೆಂಡಿನ ಹಿಡಿತಕ್ಕೆ ಒತ್ತು ಬಿತ್ತು. ಅದೇ ವರ್ಷ ತಂಡ ಎಎಫ್‌ಸಿ ಕಪ್ ಫೈನಲ್ ತಲುಪಿತು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಮೆಟ್ಟಿಲು ಹತ್ತಿರಲಿಲ್ಲ.

ಹಾಗೆಂದು ಈ ಡ್ರಿಲ್ ಅನ್ನು ದಿನವೂ ಮಾಡಿಸುವಂತಿಲ್ಲ. ವಾರಕ್ಕೆರಡು ಬಾರಿ ಸಾಕು. ಮಲಪ್ರಭೆ ಸೀಮೆಯ ಬೇಸಿಗೆಯಲ್ಲಂತೂ ಮಧ್ಯಾಹ್ನದ ಅಭ್ಯಾಸ ಅಪಾಯಕಾರಿ. ಬೆಳಗಿನ ಹೊತ್ತೇ ಸೂಕ್ತ. ಗಟ್ಟಿ ನೆಲದಲ್ಲಿ ಬರಿಗಾಲಿನ ಮಕ್ಕಳಿಗೆ ಗಾಯದ ಭಯವೂ ಇದ್ದುದೇ.

ನಿಜವಾದ ತೊಡಕು ಬೇರೆಡೆ ಇದೆ. ಇಲಾಖೆಯ ಕ್ರೀಡಾಕೂಟದ ದಿನಾಂಕ ಗೊತ್ತಾದ ಬಳಿಕವೇ ತಂಡ ಕಟ್ಟುವ ಪರಿಪಾಠದಲ್ಲಿ ಎಂಟು ವಾರಗಳ ಅಭ್ಯಾಸಕ್ಕೆ ಜಾಗವೆಲ್ಲಿ? ಡ್ರಿಲ್‌ಗೆ ಒಟ್ಟು ತಗಲುವುದು 25 ನಿಮಿಷ. 40 ನಿಮಿಷಗಳ ಒಂದು ಪಿರಿಯಡ್‌ನಲ್ಲಿ ಮೈ ಸಡಿಲಿಸಿ, ನೀರು ಕುಡಿಯಲೂ ಸಮಯ ಉಳಿಯುತ್ತದೆ. ಆದರೆ ಪರೀಕ್ಷೆ ಹತ್ತಿರವಾದಂತೆ ಪಿ.ಟಿ. ಮಾಸ್ತರರ ಆ ಪಿರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಸಂದಾಯವಾಗುತ್ತದೆ. ಅದನ್ನು ಮರಳಿ ಕೊಡಿಸಲು ಅನುದಾನ ಬೇಕಿಲ್ಲ, ಮುಖ್ಯೋಪಾಧ್ಯಾಯರ ಒಪ್ಪಿಗೆ ಸಾಕು.