ಚಿಗುರಿಗೂ ಒಂದು ವರ್ಷಾಯೋಗ

ಆಷಾಢ ಬಂತೆಂದರೆ ದಿಗಂಬರ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಮಳೆಗೆ ನೆನೆದ ನೆಲದಲ್ಲಿ ಹುಲ್ಲು, ಮೊಳಕೆ, ಹುಳುಹುಪ್ಪಟೆಗಳು ತುಂಬಿರುವಾಗ ಇಡುವ ಒಂದೊಂದು ಹೆಜ್ಜೆಯೂ ಹಿಂಸೆಗೆ ಕಾರಣವಾದೀತೆಂಬ ಎಚ್ಚರವೇ ವರ್ಷಾಯೋಗದ ಮೂಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶ್ರಾವಕರು ಈ ನಾಲ್ಕು ತಿಂಗಳು ಭಕ್ತಿಯಿಂದ ಆಹಾರದಾನ ಮಾಡುತ್ತಾರೆ, ಪ್ರವಚನ ಕೇಳುತ್ತಾರೆ. ಆದರೆ ಮುನಿಗಳು ಯಾವ ಮೊಳಕೆಗಾಗಿ ತಮ್ಮ ಹೆಜ್ಜೆಯನ್ನು ತಡೆದರೋ, ಆ ಮೊಳಕೆ ಊರಾಚೆಯ ಗುಡ್ಡದಲ್ಲಿ ಏನಾಯಿತೆಂದು ಕೇಳುವವರು ವಿರಳ.

ಸಹ್ಯಾದ್ರಿಯಿಂದ ಇಳಿದ ಘಟಪ್ರಭೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ತಂಗಿ, ಗೋಕಾಕದ ಬಳಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮೂಡಲಗಿಯ ಕಡೆ ಕಬ್ಬಿನ ಬಯಲು. ಗೋಕಾಕದ ಸುತ್ತ ಮರಳುಗಲ್ಲಿನ ಗುಡ್ಡ, ಬೇಸಿಗೆಯಲ್ಲಿ ಎಲೆಯುದುರಿಸುವ ಒಣ ಕಾಡು. ಈ ನೆಲಕ್ಕೂ ಜಿನಧರ್ಮಕ್ಕೂ ನಂಟು ಹಳೆಯದು. ಗೋಕಾಕದಲ್ಲಿ ದೊರೆತ ದೇಜ್ಜ ಮಹಾರಾಜನ ತಾಮ್ರಪಟಗಳು ಅರ್ಹಂತರ ಪೂಜೆಗಾಗಿ ಜಂಬೂಖಂಡ ಗಣದ ಆಚಾರ್ಯ ಆರ್ಯನಂದಿಗೆ ಭೂಮಿಯನ್ನಿತ್ತುದನ್ನು ಹೇಳುತ್ತವೆ. ಆ ಗಣದ ಹೆಸರಿನಲ್ಲೇ ನೇರಳೆ ಮರವಿದೆ ಎಂಬುದು ಮನಸ್ಸಿಗೆ ಹಿತವಾದ ಸಂಗತಿ. ಕಳೆದ ಶತಮಾನದಲ್ಲಿ ಆಚಾರ್ಯ ಶಾಂತಿಸಾಗರರು ಧ್ಯಾನಕ್ಕೆ ಕುಳಿತದ್ದು ಇಲ್ಲಿಯ ಕೊಣ್ಣೂರಿನ ಗುಹೆಯಲ್ಲಿ.

ಜೈನಾಗಮದಲ್ಲಿ ಗಿಡಮರವು ಸ್ಪರ್ಶವೊಂದನ್ನೇ ಇಂದ್ರಿಯವಾಗಿ ಪಡೆದ ವನಸ್ಪತಿಕಾಯ ಜೀವ. ಒಣ ಕಾಡಿನಲ್ಲಿ ಆ ಜೀವದ ಬಾಳು ಕಠಿಣವಾದುದು. ದಿಂಡಿಗ, ಮುತ್ತಲ ಮೊದಲಾದ ಮರಗಳ ಎಳೆಯ ಸಸಿ ಮಳೆಯಲ್ಲಿ ಚಿಗುರಿ ಬೇಸಿಗೆಯಲ್ಲಿ ನೆಲಮಟ್ಟಕ್ಕೆ ಒಣಗುತ್ತದೆ. ನೋಡಿದವರು ಸತ್ತಿತೆಂದು ತಿಳಿಯುತ್ತಾರೆ. ಆದರೆ ಮಣ್ಣೊಳಗೆ ಬೇರು ದಪ್ಪವಾಗುತ್ತಲೇ ಇರುತ್ತದೆ. ಹೀಗೆ ಹಲವು ವರ್ಷ ಬಿದ್ದು ಎದ್ದು, ಮೇವು ಬೆಂಕಿಗಳ ಕಾಟವಿಲ್ಲದ ಕಾಲ ಒದಗಿದರೆ ಆ ಬೇರಿನಿಂದ ಗಟ್ಟಿಯಾದ ಕಾಂಡವೊಂದು ಮೇಲೇಳುತ್ತದೆ. ಕಡಿದ ಬುಡವೂ ಹಾಗೆಯೇ ಚಿಗುರಬಲ್ಲದು. ಬೋಳಾಗಿ ಕಾಣುವ ಗುಡ್ಡದೊಳಗೆ ಒಂದು ಕಾಡು ಕಾದು ಕುಳಿತಿರುವುದುಂಟು.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ಷಡ್ಲೇಶ್ಯೆಗಳ ದೃಷ್ಟಾಂತ ಎಲ್ಲರಿಗೂ ಪರಿಚಿತ. ಹಣ್ಣಿನ ಮರವೊಂದನ್ನು ಕಂಡ ಹಸಿದ ದಾರಿಗರು ಆರು ಮಂದಿ. ಕೃಷ್ಣಲೇಶ್ಯೆಯವನು ಬುಡಸಹಿತ ಕೀಳೋಣವೆನ್ನುತ್ತಾನೆ, ನೀಲಲೇಶ್ಯೆಯವನು ಕಾಂಡವನ್ನು, ಕಾಪೋತನು ಕೊಂಬೆಯನ್ನು, ಪೀತನು ರೆಂಬೆಯನ್ನು ಕಡಿಯಬಯಸುತ್ತಾನೆ. ಪದ್ಮನಿಗೆ ಹಣ್ಣನ್ನಷ್ಟೇ ಕಿತ್ತರೆ ಸಾಕು. ಶುಕ್ಲಲೇಶ್ಯೆಯವನು ತಾನೇ ಉದುರಿದುದನ್ನು ಆಯ್ದು ತೃಪ್ತನಾಗುತ್ತಾನೆ. ಇದು ಮನದ ಬಣ್ಣಗಳನ್ನು ತಿಳಿಸಲು ಹೇಳಿದ ಕಥೆ, ಅರಣ್ಯಶಾಸ್ತ್ರವಲ್ಲ. ಆದರೂ ಮೊದಲ ಇಬ್ಬರ ನಡುವಿನ ಅಂತರವನ್ನು ಗಮನಿಸಬೇಕು: ಕಾಂಡ ಹೋದ ಮರ ಮರಳಿ ಬಂದೀತು, ಬೇರು ಹೋದುದು ಬರಲಾರದು. ಯಂತ್ರವಿಟ್ಟು ಗುಡ್ಡವನ್ನೇ ಅಗೆದು ಕಲ್ಲು ತೆಗೆಯುವವನು ಕಾಡು ಮರಳುವ ದಾರಿಯನ್ನೇ ಮುಚ್ಚುತ್ತಾನೆ. ಒಣ ಪುಳ್ಳೆಯನ್ನು ಆಯ್ದು ತಲೆಹೊರೆ ಹೊತ್ತು ಬರುವ ಬಡ ಹೆಂಗಸು ಆ ಆರನೆಯವನಿಗೆ ಹತ್ತಿರದವಳು. ಕಾಡು ಹಾಳಾಯಿತೆಂದು ಮೊದಲು ಅವಳನ್ನೇ ದೂರುವುದು ನ್ಯಾಯವಲ್ಲ.

ಹಾಗೆಂದು ನಿತ್ಯದ ಸಣ್ಣ ಹಿಂಸೆ ಲೆಕ್ಕಕ್ಕಿಲ್ಲವೆಂದಲ್ಲ. ಹಿಮಾಲಯದ ಬಾಂಜ್ ಮರಗಳನ್ನು ಮೇವಿಗಾಗಿ ಮತ್ತೆ ಮತ್ತೆ ಸವರಿದಲ್ಲಿ ಅವು ಬೀಜ ಬಿಡುವುದೇ ಅಪರೂಪವಾಯಿತು. ಮುದಿ ಮರಗಳು ನಿಂತಿವೆ, ಮರಿಗಳಿಲ್ಲ. ಬಯಲುಸೀಮೆಯ ಗುಡ್ಡಗಳಲ್ಲಿ ಎಳೆಹುಲ್ಲು ಬರಲೆಂದು ಬೇಸಿಗೆಯಲ್ಲಿ ಹಚ್ಚುವ ಬೆಂಕಿ, ಮೊದಲ ಮಳೆಗೇ ನುಗ್ಗುವ ಹಿಂಡು ಇದೇ ಕೆಲಸ ಮಾಡುತ್ತವೆ. ಆಗ ಉಳಿಯುವುದು ಕುರಿ ಮುಟ್ಟದ ಲಂಟಾನ, ಬಳ್ಳಾರಿ ಜಾಲಿಯಂಥ ಕೆಲವೇ ಬಗೆ. ದೂರಕ್ಕೆ ಹಸಿರು ಕಾಣುತ್ತದೆ; ಮಶಿವಾಳ, ಕಕ್ಕೆ, ಶ್ರೀಗಂಧ ಮಾಯವಾಗಿರುತ್ತವೆ. ಆದಿನಾಥರಿಗೆ ಆಲದಡಿಯಲ್ಲಿ, ಮಹಾವೀರರಿಗೆ ಶಾಲವೃಕ್ಷದಡಿಯಲ್ಲಿ ಕೇವಲಜ್ಞಾನವಾಯಿತೆಂದು ನೆನೆಯುವ ಪರಂಪರೆಗೆ ಮರಗಳೆಲ್ಲ ಒಂದೇ ಎಂಬ ಭಾವನೆ ಒಗ್ಗದು. ಕಾಡಿಗೆ ಬೆಂಕಿಯಿಡುವುದನ್ನೂ ಇದ್ದಿಲು ಸುಡುವುದನ್ನೂ ಶ್ರಾವಕಾಚಾರಗಳು ನಿಷಿದ್ಧ ವೃತ್ತಿಗಳಲ್ಲಿ ಎಣಿಸಿವೆ. ಸಮಂತಭದ್ರರಂತೂ ನಿಷ್ಪ್ರಯೋಜನವಾಗಿ ನೆಲ ಅಗೆಯುವುದನ್ನು, ಗಿಡ ಕಡಿಯುವುದನ್ನು ಅನರ್ಥದಂಡವೆಂದೇ ಹೇಳಿದರು.

ಇದಕ್ಕೆ ಪರಿಹಾರವೆಂದು ಪ್ರತಿ ಮಳೆಗಾಲದಲ್ಲಿ ಸಸಿ ನೆಡುವ ಉತ್ಸವ ನಡೆಯುತ್ತದೆ. ನೆಡುವುದು ಪುಣ್ಯವೇ. ಆದರೆ ಬದುಕಿರುವ ಬೇರುಗಳನ್ನು ಕಿತ್ತು ಗುಂಡಿ ತೋಡಿ ನೀಲಗಿರಿಯನ್ನೊ ಅಕೇಶಿಯವನ್ನೊ ನೆಟ್ಟರೆ ಅದರಲ್ಲಿ ಅಹಿಂಸೆಯ ಪಾಲೆಷ್ಟು? ಈ ಗುಡ್ಡಗಳಿಗೆ ಹೆಚ್ಚಾಗಿ ಬೇಕಾದುದು ಸಂಯಮ. ಬಸದಿಯ ಸಂಘವೊಂದು ಅರಣ್ಯ ಇಲಾಖೆಯ ಸಮ್ಮತಿ ಪಡೆದು, ಕುರಿಗಾರರೊಡನೆ ಕುಳಿತು ಮಾತನಾಡಿ, ಅವರ ಹಿಂಡಿಗೆ ಬೇರೆಡೆ ಮೇವಿನ ಏರ್ಪಾಟು ಮಾಡಿ, ಒಂದು ಇಳಿಜಾರನ್ನಾದರೂ ಆಷಾಢದಿಂದ ಕಾರ್ತಿಕದವರೆಗೆ ಯಾರೂ ತುಳಿಯದಂತೆ ಬಿಡಬಹುದು. ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಕಾಯಲು ಯುವಕರನ್ನು ನೇಮಿಸಬಹುದು. ಮರುವರ್ಷ ಮುನಿಗಳು ಮತ್ತೆ ಚಾತುರ್ಮಾಸಕ್ಕೆ ಬರುವ ಹೊತ್ತಿಗೆ ಅಲ್ಲಿ ಎಷ್ಟು ಬಗೆಯ ಚಿಗುರು ಉಳಿದಿದೆಯೆಂದು ಮಕ್ಕಳ ಕೈಯಿಂದ ಎಣಿಸಿ ಬಸದಿಯಲ್ಲಿ ಓದಿ ಹೇಳಿಸಬಹುದು.